ಅತ್ತೆಗೆ ಚಪ್ಪಾಳೆ ತಟ್ಟದ ಅಳಿಯ

ಮಸ್ವಿಂಗೊ ಕಡೆಯ ನಮ್ಮೂರಲ್ಲಿ ಅಳಿಯನಾದವನು ಏನು ತಪ್ಪು ಮಾಡಿದರೂ ಕ್ಷಮೆ ಉಂಟು, ಒಂದಕ್ಕೆ ಮಾತ್ರ ಇಲ್ಲ. ಹೆಂಡತಿಯ ತಾಯಿ ಎದುರಾದರೆ ದಾರಿ ಬಿಟ್ಟು ಕುಕ್ಕರುಗಾಲಲ್ಲಿ ಕೂತು, ಅಂಗೈ ಜೋಡಿಸಿ ಮೆಲ್ಲಗೆ ಚಪ್ಪಾಳೆ ತಟ್ಟಬೇಕು. ಕೆಸರಿರಲಿ, ಮುಳ್ಳಿರಲಿ, ತಲೆ ಮೇಲೆ ಹುಲ್ಲಿನ ಹೊರೆ ಇರಲಿ, ಕೂರಲೇಬೇಕು. ಅಂಥದ್ದರಲ್ಲಿ ಊರಿನ ಅರ್ಧಕ್ಕರ್ಧ ಮನೆಗಳಿಗೆ ಹುಲ್ಲು ಹೊದಿಸಿದ ಕೆಫಾಸಿ, ಹಾಡಹಗಲೇ ಗಿರಣಿಯ ದಾರಿಯಲ್ಲಿ ಅತ್ತೆ ಸೆಕಾಯಿ ಅಜ್ಜಿಯ ಪಕ್ಕದಲ್ಲೇ ಹಾದುಹೋದ. ಕೂರಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ.

ಗಿರಣಿಯ ಮುಂದೆ ಸಾಲು ನಿಂತಿದ್ದ ಹೆಂಗಸರೆಲ್ಲ ನೋಡಿದರು. ಹಿಟ್ಟು ಮನೆ ಸೇರುವ ಮೊದಲೇ ಸುದ್ದಿ ಮನೆಮನೆ ಸೇರಿತು.

"ಕೊಬ್ಬು ಕಣೇ. ಕೈಯಲ್ಲಿ ಕೆಲ್ಸ ಜಾಸ್ತಿ ಆಯ್ತಲ್ಲ, ಅದಕ್ಕೆ."

"ಕೊಬ್ಬಲ್ಲ. ಯಾರೋ ಏನೋ ಮಾಡ್ಸಿದಾರೆ. ಮುಖ ನೋಡ್ಲಿಲ್ವಾ? ನೇರ ಮುಂದಕ್ಕೇ ನೋಡ್ಕೊಂಡು ಹೋಗ್ತಾನೆ, ಗಾಣದೆತ್ತಿನ ಥರ."

ನಮ್ಮೂರವರಿಗೆ ಅನುಮಾನ ಪಡಲು ಕಾರಣವೇ ಬೇಕಿಲ್ಲ. ಇಲ್ಲಂತೂ ಕಾರಣಗಳು ಕೈಗೇ ಬಂದು ಬಿದ್ದಿದ್ದವು. ಪಕ್ಕದ ಹೊಲದ ಜೆಕೊನಿಯಾ ಹೋದ ವರ್ಷದಿಂದಲೇ ಕುದಿಯುತ್ತಿದ್ದ. ಕೆಫಾಸಿ ನೇಗಿಲು ಹೂಡಿದಾಗ ಬದು ದಾಟಿ ಅವನ ಹೊಲದೊಳಕ್ಕೆ ಹೋಗಿದ್ದ. ಈ ಮಳೆಗಾಲದಲ್ಲಿ ಮತ್ತೆ ಹೋದ. ಮೊದಲ ಸಲ ಮರೆವು ಅನ್ನಬಹುದು. ಎರಡನೆಯ ಸಲಕ್ಕೆ ಏನನ್ನಬೇಕು?

ಹೆಂಡತಿ ಶುವಾಯಿಗೆ ಬೇರೆಯೇ ಅನುಮಾನ. ಗಂಡ ಏಣಿ ಹತ್ತುವುದನ್ನು ಬಿಟ್ಟಿದ್ದ. ಮಂಡಿನೋವು ಎನ್ನುತ್ತಿದ್ದ, ಆದರೆ ಗುಡ್ಡ ಹತ್ತುವಾಗ ಕುಂಟುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಿದ್ದ. ಗೆಳೆಯರ ಜೊತೆ ಕೂರುವುದನ್ನೂ ಬಿಟ್ಟಿದ್ದ. ಅವಳು ಸಡ್ಜಾ ಮುದ್ದೆಯ ತಟ್ಟೆಯ ಪಕ್ಕ ಸೊಪ್ಪಿನ ಬಟ್ಟಲಿಟ್ಟರೆ ಅದನ್ನು ಮುಟ್ಟದೆ ಬರೀ ಮುದ್ದೆ ನುಂಗಿ ಎದ್ದುಹೋಗುತ್ತಿದ್ದ.

"ನನ್ ಕೈ ಅಡುಗೆ ಬೇಡ ಅಂದ್ರೆ ಇನ್ಯಾರ್ದೋ ಕೈ ಅಡುಗೆ ರುಚಿಯಾಗಿದೆ ಅಂತ ತಾನೇ?" ಎಂದು ಅವಳು ತಾಯಿಯ ಮುಂದೆ ಅತ್ತಳು.

ಸೆಕಾಯಿ ಅಜ್ಜಿ ಮಗಳ ಕಣ್ಣೊರೆಸಿದಳು. ಆದರೆ ಪದ್ಧತಿ ಅಂದರೆ ಪದ್ಧತಿ. ಅಳಿಯ ತಪ್ಪೊಪ್ಪಿಕೊಳ್ಳಬೇಕು ಎಂದು ಮಧ್ಯಸ್ಥನ ಮೂಲಕ ಹೇಳಿಕಳಿಸಿದಳು. ಶುವಾಯಿಯ ಮದುವೆಯ ಮಾತುಕತೆ ನಡೆಸಿದ ಆ ಮಧ್ಯಸ್ಥ ಬೇರಾರೂ ಅಲ್ಲ, ಬದುವಿನ ಸಿಟ್ಟು ಹೊತ್ತ ಇದೇ ಜೆಕೊನಿಯಾ. ಅವನು ಹೋಗಿ ಹೇಳಿದ ಧಾಟಿ ಹೇಗಿದ್ದಿರಬೇಕು, ನೀವೇ ಊಹಿಸಿಕೊಳ್ಳಿ.

"ಭಾನುವಾರ ಅತ್ತೆ ಮನೆ ಅಂಗಳಕ್ಕೆ ಒಂದು ಕೋಳಿ ಹಿಡ್ಕೊಂಡು ಬಾ ಶುಂಬಾ. ಬರೋವಾಗ ದಾರಿ ಮೇಲೇ ನಡ್ಕೊಂಡು ಬಾ, ನನ್ ಹೊಲದ ಮೇಲಲ್ಲ."

ಶುಂಬಾ ಅಂದರೆ ಸಿಂಹ. ಕೆಫಾಸಿಯ ಕುಲದ ಹೆಸರು ಅದು. ನಮ್ಮಲ್ಲಿ ಮರ್ಯಾದೆ ಕೊಟ್ಟು ಕರೆಯುವುದು ಕುಲದ ಹೆಸರಿನಿಂದಲೇ. ಅದೇ ಹೆಸರಿನಿಂದ ಚುಚ್ಚಲೂ ಬರುತ್ತದೆ.

ಭಾನುವಾರ ಬಂತು. ಅಂಗಳದಲ್ಲಿ ಚಾಪೆ ಹಾಸಿದ್ದರು. ಜೆಕೊನಿಯಾ ನಡುವೆ ಕೂತಿದ್ದ. ಅಡುಗೆಗೆ ಕೈಜೋಡಿಸಲು ಮಾಯಿ ಫರಾಯಿ ಬಂದಿದ್ದಳು. ಸೈಕಲ್ಲಿನಲ್ಲಿ ಮನೆಮನೆ ತಿರುಗುವ, ಊರಿನ ಆರೋಗ್ಯದ ಕೆಲಸ ನೋಡಿಕೊಳ್ಳುವ ಹೆಂಗಸು ಅವಳು. ಸೆಕಾಯಿ ಅಜ್ಜಿ ಎಂದಿನಂತೆ ಬಾಗಿಲ ಎದುರು ಕೂರಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಎಡಗಡೆಯ ಕಣಜದ ನೆರಳಿಗೆ ಸರಿದು ಕೂತಿದ್ದಳು.

ಕೆಫಾಸಿ ಕೋಳಿ ಹಿಡಿದು ಒಳಗೆ ಬಂದ. ನಡೆದು ಬಂದು ಅಜ್ಜಿಯಿಂದ ಒಂದು ಮಾರು ದೂರದಲ್ಲೇ ನಿಂತ. ಬಾಗಿಲ ಕಡೆ ನೋಡಿದ.

"ಅತ್ತೆ ಇನ್ನೂ ಬರ್ಲಿಲ್ವಾ?" ಎಂದು ಕೇಳಿದ.

ಜೆಕೊನಿಯಾ ಎದ್ದುನಿಂತ.

"ನೋಡಿದ್ರಾ? ಮುಖದ ಮುಂದೇನೇ ಅವಮಾನ! ಇಂಥವನ ಮಧ್ಯಸ್ಥಿಕೆ ನನಗೆ ಬೇಡ. ನಾನು ಹೊರಟೆ."

"ಕೂತ್ಕೊಳಪ್ಪ ಜೆಕೊನಿಯಾ," ಎಂದಳು ಅಜ್ಜಿ. ಅವಳ ದನಿ ಕಿವಿಯ ಪಕ್ಕದಲ್ಲೇ ಕೇಳಿದಾಗ ಕೆಫಾಸಿ ಬೆಚ್ಚಿದ. ಕೈಯ ಕೋಳಿ ತಪ್ಪಿಸಿಕೊಂಡು ಓಡಿತು. ಅವನು ಕುಸಿದು ಕೂತು ಗಡಿಬಿಡಿಯಲ್ಲಿ ಚಪ್ಪಾಳೆ ತಟ್ಟಿದ.

ಅಜ್ಜಿ ಅಳಿಯನನ್ನೇ ದಿಟ್ಟಿಸಿದಳು. ಊರೆಲ್ಲ ಪಟ್ಟ ಅನುಮಾನಗಳಿಗಿಂತ ಅವಳದು ಬೇರೆ ಥರದ ಅನುಮಾನ. ಅವಮಾನ ಮಾಡಬೇಕು ಎಂದುಕೊಂಡವನು ಬೆಚ್ಚುತ್ತಾನೆಯೇ?

"ಮಾಯಿ ಫರಾಯಿ, ಒಂದ್ಸಲ ಬಾಮ್ಮ ಇಲ್ಲಿ," ಎಂದಳು. "ನಮ್ಮ ಅಳಿಯಂದ್ರ ಕಣ್ಣು ನೋಡು."

ಕೆಫಾಸಿಯ ಮುಖ ಗಂಟಿಕ್ಕಿತು. "ನನ್ ಕಣ್ಣಿಗೇನಾಗಿದೆ? ಧೂಳು ಬಿದ್ದಿತ್ತು ಅಷ್ಟೆ. ಸೂಜಿ ಕೊಡಿ, ಇಲ್ಲೇ ದಾರ ಪೋಣಿಸ್ತೀನಿ."

ಶುವಾಯಿ ಸೂಜಿ ತಂದಳು. ಅವನು ಒಂದೇ ಸಲಕ್ಕೆ ದಾರ ಪೋಣಿಸಿ ಎತ್ತಿ ತೋರಿಸಿದ.

"ಹೇಳ್ಲಿಲ್ವಾ ನಾನು?" ಎಂದ ಜೆಕೊನಿಯಾ. "ಸೂಜಿ ಕಣ್ಣು ಕಾಣತ್ತೆ, ಅತ್ತೆ ಕಾಣಲ್ಲ! ನಾಟಕ ಆಡೋದು ಯಾರ ಹತ್ರ?"

ಮಾಯಿ ಫರಾಯಿ ಕೆಫಾಸಿಯ ಎದುರು ಕೂತಳು. "ಒಂದು ಕಣ್ಣು ಮುಚ್ಕೊಳಿ. ಇನ್ನೊಂದ್ರಲ್ಲಿ ನನ್ ಮೂಗು ಮಾತ್ರ ನೋಡ್ತಿರಿ. ಪಕ್ಕದಿಂದ ಬೆರಳು ತರ್ತೀನಿ. ಕಂಡ ತಕ್ಷಣ ಹೇಳಿ."

ಅವಳು ತನ್ನ ಕೈಯನ್ನು ಅಗಲಕ್ಕೆ ಚಾಚಿ ಬೆರಳು ಆಡಿಸುತ್ತ ಮೆಲ್ಲಗೆ ಒಳಗೆ ತಂದಳು. ಕೂತವರಿಗೆಲ್ಲ ಬೆರಳು ಕಾಣುತ್ತಿತ್ತು. ಕೆಫಾಸಿ ಸುಮ್ಮನಿದ್ದ. ಬೆರಳು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಹೆಚ್ಚುಕಡಿಮೆ ಅವಳ ಕಿವಿಯ ಪಕ್ಕಕ್ಕೆ ಬಂದಾಗ ಅವನು "ಹಾಂ" ಎಂದ. ಇನ್ನೊಂದು ಕಣ್ಣಿನದೂ ಅದೇ ಕಥೆ.

"ಎದುರಿಗಿರೋದು ಕಾಣ್ತಿದೆ," ಎಂದಳು ಮಾಯಿ ಫರಾಯಿ. "ಪಕ್ಕದ್ದೇನೂ ಕಾಣ್ತಿಲ್ಲ. ಸೂಜಿ ಎದುರಿಗಿತ್ತು, ಅತ್ತೆ ಪಕ್ಕದಲ್ಲಿದ್ರು. ಬದುವೂ ಪಕ್ಕದಲ್ಲೇ ಇರೋದಲ್ವಾ? ಏನು ಕಾಯಿಲೆ ಅಂತ ನನಗೆ ಹೇಳಕ್ಕೆ ಬರಲ್ಲ. ಪೇಟೆ ಆಸ್ಪತ್ರೇಲಿ ಕಣ್ಣಿನ ಡಾಕ್ಟ್ರು ಇದಾರೆ. ಈ ವಾರಾನೇ ಹೋಗ್ಬೇಕು. ತಡ ಮಾಡಿದ್ರೆ ಸೂಜಿಯೂ ಕಾಣಲ್ಲ."

ಶುವಾಯಿ ಬಾಯಿಗೆ ಅಂಗೈ ಹಿಡಿದಳು. ತಟ್ಟೆಯ ಪಕ್ಕದಲ್ಲಿಟ್ಟ ಸೊಪ್ಪಿನ ಬಟ್ಟಲು ಯಾಕೆ ಹಾಗೇ ಉಳಿಯುತ್ತಿತ್ತು ಎಂದು ಅವಳಿಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು.

ಅವನು ನೆಲ ನೋಡಿದ. "ಹೋದ ಬಿತ್ತನೆಗಿಂತ ಮುಂಚೆಯಿಂದ."

"ನನಗ್ಯಾಕ್ರೀ ಹೇಳ್ಲಿಲ್ಲ? ಇನ್ನೊಬ್ಳು ಯಾರೋ ಇದಾಳೆ ಅಂತ ನಾನು ಹೊಟ್ಟೆ ಉರ್ಕೊಂಡು ಸಾಯ್ತಿದ್ದೆ!"

"ನನ್ನ ಕಳ್ಳ ಮಾಡಿದ್ಯಲ್ಲಯ್ಯ," ಎಂದ ಜೆಕೊನಿಯಾ. ಆಮೇಲೆ ತಡವರಿಸಿದ. "ಅಲ್ಲ, ನಾನು ನಿನ್ನ ಕಳ್ಳ ಅಂದ್ಕೊಂಡೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಬದುವಿನ ಮೇಲೆ ನಾನೇ ನಿಂತು ಗುರುತು ತೋರಿಸ್ತಿರ್ಲಿಲ್ವಾ?"

"ಕಳ್ಳ ಅಂದ್ರೂ ತಡ್ಕೊತೀನಿ," ಎಂದ ಕೆಫಾಸಿ. "ಕುರುಡ ಅನ್ನಿಸ್ಕೊಳ್ಳಲ್ಲ. ಕುರುಡನ್ನ ಮಾಡು ಹತ್ತಿಸೋರು ಯಾರು? ನಾಳೆ ಗಿರಣಿ ಮುಂದೆ ಇದೇ ಮಾತು. ಈ ಮಾಯಿ ಫರಾಯಿ ಸೈಕಲ್ ಹತ್ತಿದ್ರೆ ಸುದ್ದೀನೂ ಹತ್ತತ್ತೆ. ನನಗೆ ಯಾರ ಸಹಾಯವೂ ಬೇಡ. ಶುಂಬಾ ಕುಲದೋನು ಯಾರ ಮುಂದೇನೂ ಕೈ ಚಾಚಲ್ಲ."

ಮಾಯಿ ಫರಾಯಿಗೆ ನೋವಾಯಿತು. "ನಾನು ಯಾರ ಮನೆ ಕಾಯಿಲೇನಾದ್ರೂ ಇನ್ನೊಂದು ಮನೇಲಿ ಹೇಳಿದ್ದು ಕೇಳಿದೀರಾ? ಇಲ್ಲಿ ಕೂತಿರೋರ ಗುಟ್ಟು ಒಂದೊಂದೂ ನನಗೆ ಗೊತ್ತು. ಯಾವ್ದಾದ್ರೂ ಒಂದು ನಿಮ್ ಕಿವಿಗೆ ಬಿದ್ದಿದ್ಯಾ?" ಜೆಕೊನಿಯಾ ಯಾಕೋ ಚಾಪೆಯ ಅಂಚನ್ನು ನೋಡತೊಡಗಿದ.

ಆಗ ಸೆಕಾಯಿ ಅಜ್ಜಿ ಬಾಯಿಬಿಟ್ಟಳು. ನಮ್ಮಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ವಾದಿಸುವುದಿಲ್ಲ. ಅದಕ್ಕೆ ಅವಳು ಜೆಕೊನಿಯಾನ ಕಡೆ ತಿರುಗಿ ಮಾತಾಡಿದಳು. ಮಾತು ಯಾರಿಗೆ ಎಂದು ಕೋಳಿಗೂ ಗೊತ್ತಿತ್ತು.

"ಜೆಕೊನಿಯಾ, ನಮ್ಮ ಅಳಿಯಂದ್ರು ವರ್ಷ ವರ್ಷ ಕಳೆ ಕೀಳೋಕೆ ನ್ಹಿಂಬೆ ಕರೀತಾರಲ್ಲ, ಹೋಗ್ತೀಯಲ್ವಾ?"

ನ್ಹಿಂಬೆ ಎಂದರೆ ಹುಳಿ ಹಣ್ಣು ಅಂದುಕೊಳ್ಳಬೇಡಿ. ಒಬ್ಬನ ಹೊಲದ ಕೆಲಸಕ್ಕೆ ಊರೇ ಬಂದು ದುಡಿಯುವ ಮುಯ್ಯಾಳಿನ ದಿನ ಅದು. ಕರೆದವನು ಊಟ ಹಾಕುತ್ತಾನೆ, ರಾಗಿ ಹೆಂಡ ಕಾಸುತ್ತಾನೆ. ನಾಳೆ ಇನ್ನೊಬ್ಬ ಕರೆದರೆ ತಾನೂ ಗುದ್ದಲಿ ಹೊತ್ತು ಹೋಗುತ್ತಾನೆ.

"ಹೋಗ್ದೆ ಇರ್ತೀನಾ ಅಜ್ಜಿ?"

"ಅವರ ನ್ಹಿಂಬೆಗೆ ಜಾಸ್ತಿ ಜನ ಬಂದಾಗ ಊರು ಏನನ್ನತ್ತೆ? ಪಾಪ, ಸ್ವಂತ ಹೊಲದ ಕಳೆ ಕೀಳಕ್ಕೆ ಕೈಲಾಗ್ದೋನು ಅಂತಾರಾ?"

"ಎಲ್ಲಾದ್ರೂ ಉಂಟಾ? ಕೆಫಾಸಿ ಕರೆದ್ರೆ ಊರೇ ಬರತ್ತೆ, ಅಂಥಾ ಗಂಡಸು ಅಂತಾರೆ. ಕರೆಯೋಕೂ ಯೋಗ್ಯತೆ ಬೇಕಲ್ವಾ? ಯಾರ ಹೊಲಕ್ಕೂ ಹೋಗ್ದೋನು ಕರೆದ್ರೆ ನಾಯೀನೂ ಬರಲ್ಲ."

"ಹಾಗಾದ್ರೆ ಹೊಲಕ್ಕೆ ಕರೆದ್ರೆ ದೊಡ್ಡಸ್ತಿಕೆ, ಕಣ್ಣಿಗೆ ಕರೆದ್ರೆ ಭಿಕ್ಷೆ. ಇದು ಯಾವ ಊರಿನ ಲೆಕ್ಕ ಅಂತ ಕೇಳು."

ಕೆಫಾಸಿ ತಲೆ ಎತ್ತದೆಯೇ ಹೇಳಿದ: "ನ್ಹಿಂಬೆಗೆ ಹೆಂಡ ಕೊಡ್ತೀನಿ. ಅದು ಬೇರೆ."

"ಹೆಂಡ!" ಎಂದು ಮಾಯಿ ಫರಾಯಿ ನಕ್ಕೇಬಿಟ್ಟಳು. "ನಾವು ಬಿಳಿ ನಿಲುವಂಗಿ ಹಾಕ್ಕೊಂಡು ಪ್ರಾರ್ಥನೆ ಮಾಡೋ ಜನ. ನಮಗೆ ಹೆಂಡ ಮುಟ್ಟೋ ಹಾಗೂ ಇಲ್ಲ. ಆದ್ರೂ ನಮ್ಮೋರು ಅಷ್ಟೂ ಜನ ನಿಮ್ಮ ಹೊಲದಲ್ಲಿ ಬಗ್ಗಿರ್ತೀವಿ. ಯಾಕೆ ಅಂದ್ಕೊಂಡ್ರಿ? ನಮ್ ಮನೆ ಮಾಡು ಹಾರಿಹೋದಾಗ ನೀವು ಬಂದಿದ್ರಿ ಅಂತ."

ಓಡಿಹೋಗಿದ್ದ ಕೋಳಿ ತಿರುಗಿ ಬಂದು ಕೆಫಾಸಿಯ ಪಕ್ಕದಲ್ಲೇ ಕಾಳು ಕೆದಕುತ್ತಿತ್ತು. ಅದು ಅವನಿಗೆ ಕಾಣುತ್ತಿಲ್ಲ ಎಂದು ನಮಗೆಲ್ಲ ಈಗ ಗೊತ್ತಿತ್ತು. ನೋಡಲು ಸಂಕಟವಾಯಿತು. ಮಕ್ಕಳ ಮುಖ, ಮಾಡಿನ ಹುಲ್ಲು, ಬಿತ್ತನೆಯ ಸಾಲು, ಎಲ್ಲವೂ ಒಂದೊಂದಾಗಿ ಅವನ ಕಣ್ಣಿನಿಂದ ಹೊರಗೆ ಹೋಗುತ್ತಿದ್ದವು. ಅದನ್ನು ತಡೆಯಲು ಅವನು ಆಡಬೇಕಾಗಿದ್ದದ್ದು ಒಂದೇ ಒಂದು ಮಾತು.

ಕೊನೆಗೆ ಅವನು ಅಜ್ಜಿಯ ಕಡೆ ಪೂರ್ತಿ ತಿರುಗಿದ. ಚಪ್ಪಾಳೆ ತಟ್ಟಿದ.

"ಅತ್ತೆ, ನನಗೆ ಭಯ ಆಗಿದೆ," ಎಂದ. "ದಾರಿ ಸರಿಯಾಗಿ ಕಾಣಲ್ಲ. ಆಸ್ಪತ್ರೆವರೆಗೂ ಯಾರಾದ್ರೂ ನನ್ ಜೊತೆ ಬನ್ನಿ."

ಆ ಮಾತು ಹೇಳಿದಾಗ ಅವನು ಚಿಕ್ಕವನಾಗಿ ಕಾಣಲಿಲ್ಲ. ಹುಲ್ಲಿನ ಹೊರೆ ಇಳಿಸಿದವನ ಹಾಗೆ ಬೆನ್ನು ನೆಟ್ಟಗಾಯಿತು.

ಶುವಾಯಿ ಹೊರಡಲು ಎದ್ದಳು. ಆದರೆ ಮಳೆ ಬಿದ್ದು ನೆಲ ಹದವಾಗಿತ್ತು, ಬಿತ್ತನೆ ನಿಲ್ಲಿಸುವಂತಿರಲಿಲ್ಲ. "ನೀನು ಬಿತ್ತು. ನಿನ್ ಹೊಲದ ಬದು ಹಿಡಿದು ನೇಗಿಲು ನಾನು ಹೊಡೀತೀನಿ," ಎಂದ ಜೆಕೊನಿಯಾ. "ನಮ್ ಬದು ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂಗಳದಲ್ಲಿ ಆವತ್ತು ಮೊದಲ ಸಲ ಎಲ್ಲರೂ ನಕ್ಕರು.

"ಆಸ್ಪತ್ರೆಗೆ ನಾನು ಹೋಗ್ತೀನಿ," ಎಂದಳು ಸೆಕಾಯಿ ಅಜ್ಜಿ.

ಮಂಗಳವಾರ ಬೆಳಿಗ್ಗೆ ಅತ್ತೆ ಅಳಿಯ ಬಸ್ಸಿಗೆ ಹೊರಟರು. ಬಸ್ಸು ನಿಲ್ಲುವುದು ಹೊಳೆಯ ಆಚೆ. ದಾಟಬೇಕಾದದ್ದು ಕಲ್ಲಿನಿಂದ ಕಲ್ಲಿಗೆ. ಕೆಫಾಸಿ ದಡದಲ್ಲೇ ನಿಂತ. ಕಾಲಿಡಬೇಕಾದ ಕಲ್ಲು ಅವನಿಗೆ ಸಿಗುತ್ತಿರಲಿಲ್ಲ. ಅತ್ತೆಯ ಕೈ ಹಿಡಿಯೋಣವೆಂದರೆ ಅಳಿಯ ಅತ್ತೆಯನ್ನು ಮುಟ್ಟುವಂತಿಲ್ಲ. ಹಿಂದೆ ಬರುತ್ತಿದ್ದ ನಾವೆಲ್ಲ ಏನಾಗುತ್ತದೋ ಎಂದು ನೋಡುತ್ತ ನಿಂತೆವು. ಕೆಲವರಿಗೆ ಆಗಲೂ ಅನುಮಾನ, ಇವನು ಇಲ್ಲಿಂದಲೇ ಹಿಂದಕ್ಕೆ ತಿರುಗುತ್ತಾನೆ ಎಂದು.

ಅಜ್ಜಿ ಪೊದೆಯಿಂದ ಒಂದು ಕೋಲು ಮುರಿದಳು. ಒಂದು ತುದಿ ತಾನು ಹಿಡಿದಳು, ಇನ್ನೊಂದು ತುದಿಯನ್ನು ಅವನ ಮುಂದೆ ಚಾಚಿದಳು.

"ಹಿಡ್ಕೊಳಿ ಅಳಿಯಂದ್ರೇ. ನಾನು ನಿಂತ ಕಲ್ಲಿಗೆ ನೀವು ಬನ್ನಿ."

ಅವನು ಹಿಡಿದುಕೊಂಡ. ಊರು ನೋಡುತ್ತಿರುವಂತೆಯೇ, ಅತ್ತೆ ಮುಂದೆ, ಅಳಿಯ ಹಿಂದೆ, ಹೊಳೆ ದಾಟಿದರು. ಗಿರಣಿಯ ಹೆಂಗಸರೂ ಅಲ್ಲೇ ಇದ್ದರು. ಯಾರೂ ನಗಲಿಲ್ಲ. ಒಬ್ಬಳು ಮಾತ್ರ, "ನನ್ ಗಂಡನೂ ಮೊನ್ನೆ ಬಾಗಿಲ ಪಟ್ಟಿಗೆ ಗುದ್ಕೊಂಡ," ಎಂದು ತನಗೆ ತಾನೇ ಹೇಳಿಕೊಂಡಳು.

ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ಕಣ್ಣಿನ ನರವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ, ನೋವೂ ಇರುವುದಿಲ್ಲ. ಹೋದ ನೋಟ ತಿರುಗಿ ಬರುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ತಪ್ಪದೆ ಕಣ್ಣಿಗೆ ಹನಿ ಹಾಕಬೇಕು, ಕರೆದಾಗ ಬಂದು ತೋರಿಸಬೇಕು. ಮನೆತನದಲ್ಲಿ ಹರಿಯುವ ಕಾಯಿಲೆಯಾದ್ದರಿಂದ ಅಣ್ಣತಮ್ಮಂದಿರೂ ಮಕ್ಕಳೂ ಪರೀಕ್ಷೆ ಮಾಡಿಸಬೇಕು. "ಮೊದಲೇ ಬಂದಿದ್ರೆ ಇನ್ನೂ ಎಷ್ಟೋ ಉಳೀತಿತ್ತು," ಎಂದರಂತೆ. ಆ ಮಾತು ಕೆಫಾಸಿಯನ್ನು ಈಗಲೂ ಕೊರೆಯುತ್ತದೆ. ಕೊರೆಯಬೇಕಾದದ್ದೇ.

ಈಗ ಅವನು ಏಣಿ ಹತ್ತುವುದಿಲ್ಲ. ಕೆಳಗೆ ಕೂತು ಹುಲ್ಲಿನ ಕಟ್ಟು ಕಟ್ಟುತ್ತಾನೆ, ಮೇಲೆ ಹತ್ತಿದವರಿಗೆ ಎಲ್ಲಿ ಬಿಗಿಯಬೇಕೆಂದು ಹೇಳಿಕೊಡುತ್ತಾನೆ. ಮಾಡು ಸೋರುವುದಿಲ್ಲ. ದಾರಿಯಲ್ಲಿ ಹೋಗುವಾಗ "ಪಕ್ಕದಲ್ಲಿ ಯಾರಾದ್ರೂ ಇದ್ರೆ ಹೇಳ್ರಪ್ಪ, ನನಗೆ ಕಾಣಲ್ಲ," ಎಂದು ಗಟ್ಟಿಯಾಗಿ ಕೂಗುತ್ತಾನೆ. ಊರಿನ ಯಾವ ಗಂಡಸಿಗೂ ಅಷ್ಟು ಗಟ್ಟಿಯಾಗಿ ತನ್ನ ಕೊರತೆ ಹೇಳುವ ಧೈರ್ಯ ಇಲ್ಲ, ಪಂಥ ಬೇಕಾದರೂ ಕಟ್ಟುತ್ತೇನೆ.

ಈ ಕಥೆ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಬದಲಾದರೆ, ಜನರಿಂದ ದೂರ ಸರಿದರೆ, ಅನುಮಾನ ಪಡುವ ಮೊದಲು ಪಕ್ಕ ಕೂತು ಏನಾಯಿತೆಂದು ಕೇಳಿ. ನಲವತ್ತು ದಾಟಿದ್ದರೆ, ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿ. ಇನ್ನು ನೀವೇ ಏನನ್ನೋ ಬಚ್ಚಿಟ್ಟುಕೊಂಡು ಕೂತಿದ್ದರೆ, ಅದು ಕಣ್ಣಾಗಿರಲಿ, ಎದೆಯ ಭಾರವಾಗಿರಲಿ, ನಿಮಗೆ ನಂಬಿಕೆಯಿರುವ ಒಬ್ಬರ ಹತ್ತಿರ ಹೋಗಿ ಹೇಳಿ. ನೀವು ಎಷ್ಟು ಜನರ ಕೆಲಸಕ್ಕೆ ಹೆಗಲು ಕೊಟ್ಟಿಲ್ಲ! ಒಂದು ಸಲ ನೀವೂ ಕರೆದು ನೋಡಿ. ಆದರೆ ಇವತ್ತೇ ಕರೆಯಿರಿ. ಕೆಫಾಸಿ ಸುಮ್ಮನಿದ್ದ ದಿನಗಳಲ್ಲಿ ಹೋದ ನೋಟ ಇವತ್ತಿಗೂ ಬಂದಿಲ್ಲ.