ಓದಲೇಬೇಕಾದ ಹತ್ತು ದಂಡಯಾತ್ರೆಗಳು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಅವರು ಯುದ್ಧ ಕಂಡದ್ದು ಬಸ್ಸಿನಲ್ಲಿ ಸೀಟು ಹಿಡಿಯುವಾಗ ಮಾತ್ರ. ಆದರೂ ಬಾಯಿ ತೆರೆದರೆ ಯುದ್ಧದ ಮಾತೇ ಆಡುವುದರಿಂದ ಬೀದಿಯವರೆಲ್ಲ ಅವರನ್ನು ದಂಡನಾಯಕರು ಎನ್ನುತ್ತಾರೆ. ಅದು ಗೇಲಿ ಎಂದು ಇವರಿಗೆ ಇನ್ನೂ ಹೊಳೆದಿಲ್ಲ.

ನಾನು ಗ್ರಂಥಾಲಯ ನೋಡಿಕೊಳ್ಳುವವಳು. ದಂಡಯಾತ್ರೆಗಳ ಇತಿಹಾಸದಲ್ಲಿ ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿಯೊಂದನ್ನು ಭಾವ ಬರೆದು ತಂದರು. ಬೇಡವೆಂದರೆ ಅಕ್ಕ ಮುಖ ಊದಿಸಿಕೊಳ್ಳುತ್ತಾಳೆ ಎಂದು ಫಲಕಕ್ಕೆ ಅಂಟಿಸಿದೆ. ನಾಲ್ಕನೆಯ ಪುಸ್ತಕದ ಮುಂದೆ ಹೀಗಿತ್ತು: ‘ನದಿ ದಾಟುವ ಅಧ್ಯಾಯವನ್ನು ನಮ್ಮ ಗ್ರಂಥಾಲಯದ ಪ್ರತಿಯಲ್ಲೇ ಮೂರು ಸಲ ಓದಿದೆ. ರೋಮಾಂಚನ!’

ಅದನ್ನು ನೋಡಿ ಪಕ್ಕದ ಬೀದಿಯ ಹೊಲಿಗೆಯಮ್ಮ ಅಂಗಡಿಗೆ ಬೀಗ ಹಾಕಿ ಬಂದರು. ಅವರ ಅಣ್ಣ ಆ ಪುಸ್ತಕದಲ್ಲಿ ಬರುವ ಪಡೆಯಲ್ಲೇ ಅಡುಗೆಯವನಾಗಿದ್ದನಂತೆ, ಅದೇ ನದಿಯಲ್ಲಿ ತೀರಿಹೋದನಂತೆ. ಮನೆಗೆ ಬಂದದ್ದು ಎರಡು ಸಾಲಿನ ಕಾಗದ. ಅವನು ಹೇಗೆ ಹೋದ ಎಂಬುದು ಪುಸ್ತಕದಲ್ಲಾದರೂ ಇದ್ದೀತು ಎಂಬ ಆಸೆ ಅವರಿಗೆ.

ಪುಸ್ತಕ ತೆಗೆದು ನೋಡಿದರೆ, ಮುನ್ನುಡಿಯಾಚೆ ಒಂದು ಹಾಳೆಯೂ ಬಿಡಿಸಿಲ್ಲ. ಅಚ್ಚುಮನೆಯವರು ಮಡಿಸಿದ ಹಾಳೆಗಳ ಅಂಚು ಕತ್ತರಿಸದೆ, ಒಳಪುಟ ಕಾಣದಂತೆ ಹಾಗೇ ಹೊಲಿದು ಕಳಿಸಿದ್ದರು. ಅದನ್ನು ಕೊಯ್ದು ಬಿಡಿಸುವುದು ನನ್ನ ಕೆಲಸ. ಸೋಮಾರಿತನ ಮಾಡಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮುಚ್ಚಿದ ಹಾಳೆಯನ್ನು ಮೂರು ಸಲ ಓದುವ ಪ್ರತಾಪ ನನಗಿಲ್ಲ.

ಭಾವ ಅಲ್ಲೇ ಪೇಪರ್ ಓದುತ್ತಿದ್ದರು. ಪೇಪರು ಮೆಲ್ಲಗೆ ಮೇಲೇರಿ ಮುಖ ಮುಚ್ಚಿತು. ಹೊಲಿಗೆಯಮ್ಮ ಚೀಲದಿಂದ ಕತ್ತರಿ ತೆಗೆದು, ಒಂದಕ್ಷರವೂ ಹಾಳಾಗದಂತೆ ಅಂಚು ಬಿಡಿಸಿ, ಪುಸ್ತಕವನ್ನು ಭಾವನ ಮುಂದೆ ಇಟ್ಟರು.

“ನಂಗೆ ಓದೋದು ನಿಧಾನ. ನಿಮಗೆ ರೂಢಿ ಇದೆಯಲ್ಲ, ನೀವೇ ಓದಿ.”

ಭಾವ ಬೆವರು ಒರೆಸಿಕೊಳ್ಳುತ್ತ ಓದಿದರು. ಸೇನಾಧಿಪತಿಯ ಬೂಟಿಗೆ ಒಂದು ಪುಟ, ಭಾಷಣಕ್ಕೆ ಮೂರು, ಅವನು ನಕ್ಷೆಯ ಮೇಲೆ ಬೆರಳಾಡಿಸಿದ ಗತ್ತಿಗೆ ಎರಡು. ಕೊನೆಗೆ ಬಂತು ನದಿ: ‘ಅಡುಗೆಯವರು ಮೊದಲಾದವರನ್ನು ಬಿಟ್ಟರೆ, ಹೇಳಿಕೊಳ್ಳುವಂಥ ನಷ್ಟವಿಲ್ಲದೆ ಪಡೆ ಆಚೆ ದಡ ಸೇರಿತು.’

ಮುಂದಿನ ಅಧ್ಯಾಯದಲ್ಲಿ ಏನಾದರೂ ಇದೆಯೇ ಎಂದು ಹೊಲಿಗೆಯಮ್ಮ ಕೇಳಿದರು. ಅದನ್ನೂ ಬಿಡಿಸಿ ನೋಡಿದೆವು. ಅಲ್ಲಿ ವಿಜಯೋತ್ಸವವಿತ್ತು.

ಇಷ್ಟಾದ ಮೇಲಾದರೂ ಭಾವ ಬಾಯಿ ಮುಚ್ಚಿಕೊಂಡಿರಬಹುದಿತ್ತು. “ಇತಿಹಾಸದಲ್ಲಿ ಒಟ್ಟಾರೆ ಚಿತ್ರ ನೋಡ್ಬೇಕಮ್ಮ,” ಎಂದರು.

ಹೊಲಿಗೆಯಮ್ಮ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡರು. “ಆವತ್ತು ಬೆಳಿಗ್ಗೆ ಅವರೆಲ್ಲ ಊಟ ಮಾಡಿದ್ದು ನಮ್ಮಣ್ಣನ ಕೈಯಿಂದ ಕಣ್ರೀ,” ಎಂದರು. “ಆಚೆ ದಡದಲ್ಲಿ ಹಸಿವಾದಾಗಲಾದ್ರೂ ಒಬ್ಬರಿಗೆ ಅವನ ನೆನಪು ಬರ್ಲಿಲ್ವಾ?”

ದಂಡನಾಯಕರು ಉತ್ತರಕ್ಕಾಗಿ ಮತ್ತೆ ಪುಟ ತಿರುವತೊಡಗಿದರು.