ಕೆಂಪು ಪಟ್ಟಿಯ ಕುದುರೆ

ಹುಮನಾಬಾದಿನಿಂದ ಹುಡಗಿ ಎಂಬ ಊರಿಗೆ ಹೋಗುವ ದಾರಿಯಲ್ಲಿ ಒಂದು ಬೇಳೆ ಮಿಲ್ಲು ಮುಚ್ಚಿ ಬಿದ್ದಿತ್ತು. ಅದರ ಆವರಣದಲ್ಲಿ ಓಂಪ್ರಕಾಶ ಕುದುರೆಗಳ ತಬೇಲ ತೆರೆದ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಆ ಸುತ್ತಿನಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು, ಊರೊಳಗೆ ಕುದುರೆ ಕಟ್ಟುವ ಜಾಗ ಯಾರಿಗೂ ಉಳಿದಿರಲಿಲ್ಲ. ಕುದುರೆ ನನ್ನ ಹತ್ತಿರ ಬಿಡಿ, ಮೇವು, ನೀರು, ಮೈ ತಿಕ್ಕುವುದು ಎಲ್ಲ ನನ್ನ ಜವಾಬ್ದಾರಿ ಎಂದು ಅವನು ಹೇಳಿದ. ಹೇಳುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಬಸವಕಲ್ಯಾಣದ ಜಗದೇವಿ ತನ್ನ ಬಿಳಿ ಕುದುರೆ ಚಾಂದನಿಯನ್ನು ಅಲ್ಲಿ ಬಿಟ್ಟು ಎರಡು ವರ್ಷವಾಗಿತ್ತು. ಅವಳ ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಕುದುರೆ ಪೂರ್ತಿ ಅವಳದೇ. ಎಳೆ ಮರಿಯಾಗಿದ್ದಾಗ ಮಾಳೆಗಾಂವದ ಸಂತೆಯಿಂದ ತಂದು, ಮೆರವಣಿಗೆಯಲ್ಲಿ ಬಡಿಯುವ ಹಲಗಿಯ ಸದ್ದಿಗೆ ಕಾಲೆತ್ತಿ ಹೆಜ್ಜೆ ಹಾಕುವುದನ್ನು ತಾನೇ ಕಲಿಸಿದ್ದಳು. ಓಣಿಯ ರಸ್ತೆ ಅಗಲವಾದಾಗ ಮನೆ ಮುಂದಿನ ಕೊಟ್ಟಿಗೆ ಹೋಯಿತು, ಅಂದಿನಿಂದ ತಬೇಲವೇ ಗತಿ.

ವಾರಕ್ಕೆರಡು ಸಲ ಬಸ್ಸು ಹಿಡಿದು ಹೋಗುತ್ತಿದ್ದಳು. ಹೋದಾಗಲೆಲ್ಲ ಒಂದಲ್ಲ ಒಂದು ಕೊರತೆ. ನೀರಿನ ತೊಟ್ಟಿ ಒಣಗಿರುತ್ತಿತ್ತು, ಇಲ್ಲವೇ ಪಾಚಿ ಕಟ್ಟಿರುತ್ತಿತ್ತು. ಮೂರು ದಿನದ ಲದ್ದಿ ಕಾಲಡಿಯಲ್ಲೇ ಬಿದ್ದಿರುತ್ತಿತ್ತು. ಅವಳು ನೆನೆಸಿ ತಂದುಕೊಟ್ಟ ಹುರಳಿಯನ್ನು ಯಾವ ಕುದುರೆ ತಿಂದಿತೋ ದೇವರಿಗೇ ಗೊತ್ತು. ಕೇಳಿದರೆ ಓಂಪ್ರಕಾಶನದು ಒಂದೇ ಉತ್ತರ, ನಾಳೆಯಿಂದ ಎಲ್ಲ ಸರಿ ಹೋಗುತ್ತದೆ ಅಂತ. ಆ ನಾಳೆಗಾಗಿ ಕಾದು ಕಾದು ಜಗದೇವಿಗೆ ಸಾಕಾಗಿತ್ತು. ಹೋದ ವರ್ಷ ಬೂಷ್ಟು ಹಿಡಿದ ಜೋಳದ ಕಣಕಿ ಮೇವು ತಿಂದು ಚಾಂದನಿ ಐದು ತಿಂಗಳ ಗಬ್ಬ ಕಳೆದುಕೊಂಡಿತ್ತು. ಆಗಲೇ ಬಿಡಿಸಿಕೊಂಡು ಹೋಗಬೇಕಿತ್ತು. ಎಲ್ಲಿಗೆ ಒಯ್ಯಲಿ ಎಂಬ ಒಂದೇ ಪ್ರಶ್ನೆಗೆ ಸೋತು ಸುಮ್ಮನಾಗಿದ್ದಳು, ಅದಕ್ಕಾಗಿ ತನ್ನನ್ನು ತಾನು ಬೈದುಕೊಳ್ಳದ ದಿನವಿರಲಿಲ್ಲ.

ಈಗ ಚಾಂದನಿ ಮತ್ತೆ ಗಬ್ಬವಾಗಿ ಹನ್ನೊಂದು ತಿಂಗಳಾಗುತ್ತ ಬಂದಿತ್ತು. ವಯಸ್ಸಾಗಿದೆ, ಇದೇ ಕೊನೆಯ ಮರಿ ಎಂದು ತಿಳಿದುಕೊಳ್ಳಿ ಎಂದಿದ್ದರು ಪಶು ಡಾಕ್ಟರು. ಕೆಚ್ಚಲ ತುದಿಯಲ್ಲಿ ಮೇಣ ಕಟ್ಟಿದೆ, ಇನ್ನು ಎರಡು ದಿನ, ಹೆಚ್ಚೆಂದರೆ ಮೂರು ಎಂದೂ ಹೇಳಿದ್ದರು. ಮರಿ ಹಾಕುವ ತನಕ ತಬೇಲದಲ್ಲೇ ಇದ್ದುಬಿಡೋಣವೆಂದು ಜಗದೇವಿ ರೊಟ್ಟಿಯ ಗಂಟು, ಹಾಸಿಗೆ ಸಮೇತ ಮರುದಿನವೇ ಮೊದಲ ಬಸ್ಸಿಗೆ ಹೊರಟಳು.

ತಬೇಲದಲ್ಲಿ ಕಲ್ಲಿನಾಥನೊಬ್ಬನೇ ಇದ್ದ. ಮೊದಲು ಅಲ್ಲಿ ಏಜಾಜ್ ಚಾಚಾ ಎಂಬ ಹಿರಿಯರಿದ್ದರು, ಪ್ರತಿ ಕುದುರೆಯನ್ನೂ ಹೆಸರು ಹಿಡಿದು ಮಾತಾಡಿಸುವವರು. ಸಂಬಳದ ಮಾತು ಸರಿಹೋಗದೆ ಅವರು ಬಿಟ್ಟು ಹೋದ ಮೇಲೆ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಈ ಕಲ್ಲಿನಾಥ ಬಂದ. ಅವನಿಗೆ ಬಿಳಿ ಕುದುರೆಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಅದಕ್ಕೆ ಓಂಪ್ರಕಾಶ ಒಂದು ಉಪಾಯ ಮಾಡಿದ. ಪ್ರತಿ ಕುದುರೆಯ ಮುಖಕ್ಕೂ ಒಂದೊಂದು ಬಣ್ಣದ ಪಟ್ಟಿ ಕಟ್ಟಿಸಿದ. ಚಾಂದನಿಗೆ ನೀಲಿ, ಓಂಪ್ರಕಾಶನ ಸ್ವಂತ ಕುದುರೆ ಮೋತಿಗೆ ಕೆಂಪು. ಅಂದಿನಿಂದ ತಬೇಲದಲ್ಲಿ ಕುದುರೆಯ ಮುಖ ಯಾರೂ ನೋಡಲಿಲ್ಲ, ಪಟ್ಟಿ ನೋಡಿದರು.

ಚಾಂದನಿಯ ಜಾಗದಲ್ಲಿ ನೀಲಿ ಪಟ್ಟಿಯ ಬಿಳಿ ಕುದುರೆ ನಿಂತಿತ್ತು. ಅದರ ಹೊಟ್ಟೆ ಬೆನ್ನಿಗೆ ಹತ್ತಿತ್ತು. ರಾತ್ರಿಯೇ ಹಾಕಿದೆ, ಮರಿ ಎಲ್ಲಿ ಎಂದು ಜಗದೇವಿ ನೆಲವೆಲ್ಲ ಹುಡುಕಿದಳು. ಆಮೇಲೆ ಕುದುರೆಯ ಮುಖ ನೋಡಿದಳು. ಇದು ಮೋತಿ.

ಕಲ್ಲಿನಾಥನನ್ನು ಹಿಡಿದು ಕೇಳಿದಾಗ ಒಂದೊಂದೇ ಹೊರಬಿತ್ತು. ನಿನ್ನೆ ಪಟ್ಟಿಗಳನ್ನೆಲ್ಲ ಬಿಚ್ಚಿ ಒಗೆದಿದ್ದ, ಒಣಗಿದ ಮೇಲೆ ನೆನಪಿದ್ದಂತೆ ಕಟ್ಟಿ, ಪಟ್ಟಿ ನೋಡಿಯೇ ಕುದುರೆಗಳನ್ನು ಅವವುಗಳ ಜಾಗದಲ್ಲಿ ನಿಲ್ಲಿಸಿದ್ದ. ಬೆಳಿಗ್ಗೆ ಓಂಪ್ರಕಾಶ ಬಂದು ಕೆಂಪು ಪಟ್ಟಿಯ ಕುದುರೆಯನ್ನು ಪಿಕಪ್ ಗಾಡಿಗೆ ಹತ್ತಿಸಿ ನಿರ್ಣಾದ ಒಂದು ಮದುವೆಗೆ ಕಳಿಸಿದ್ದ. ಹತ್ತಲು ಅದು ಬಹಳ ಸತಾಯಿಸಿತಂತೆ. ಜಗದೇವಿ ಓಂಪ್ರಕಾಶನಿಗೆ ಫೋನ್ ಮಾಡಿದಳು. ತಾನೇ ಕೈಯಾರೆ ಹತ್ತಿಸಿದ್ದು, ಹೋಗಿದ್ದು ಮೋತಿಯೇ, ಸಂಜೆ ಬಂದು ನೋಡುತ್ತೇನೆ ಎಂದು ಅವನು ಫೋನ್ ಇಟ್ಟ.

ಅವಳು ರಸ್ತೆಗೆ ಬಂದು ಒಂದು ಟಂಟಂ ಆಟೊ ನಿಲ್ಲಿಸಿ ನಿರ್ಣಾಕ್ಕೆ ಎಂದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಹಲಗಿ ಬಡಿದರೆ ಚಾಂದನಿ ನಿಂತಲ್ಲಿ ನಿಲ್ಲುವುದಿಲ್ಲ. ಪ್ರಾಣ ಹೋದರೂ ಕಾಲೆತ್ತುತ್ತದೆ. ಅದನ್ನು ಕಲಿಸಿದವಳು ತಾನೇ.

ಊರ ಬಾಗಿಲಿಗೆ ಬರುವಾಗಲೇ ಹಲಗಿ ಕೇಳಿಸಿತು. ಮದುಮಗ ಬಸವಕಿರಣನನ್ನು ಚಾಂದನಿಯ ಮೇಲೆ ಕೂಡಿಸಿ ಹನುಮಂತನ ಗುಡಿಗೆ ಕರೆದೊಯ್ಯುತ್ತಿದ್ದರು. ಕುದುರೆಯ ಮೈಯೆಲ್ಲ ಬೆವರಿ ಕಪ್ಪಾಗಿತ್ತು. ಆದರೂ ಸದ್ದಿಗೆ ಸರಿಯಾಗಿ ಕಾಲೆತ್ತುತ್ತಿತ್ತು, ಜನ ಭಲೇ ಎನ್ನುತ್ತಿದ್ದರು. ಜಗದೇವಿ ಗದ್ದಲದೊಳಗೆ ನುಗ್ಗಿ ಹೋಗಿ ಅದರ ಮುಖ ಹಿಡಿದುಕೊಂಡಳು. ಕುದುರೆ ನಿಂತಿತು.

ಹಲಗಿಯೂ ನಿಂತಿತು. ಇದು ಗಬ್ಬದ ಕುದುರೆ, ಮದುಮಗನನ್ನು ಇಳಿಸಿ ಎಂದು ಅವಳು ಕೇಳಿಕೊಂಡಳು. ಗಂಡಸರು ಮೈಮೇಲೆ ಬಂದರು. ಅವರ ಮನೆತನದಲ್ಲಿ ಜೀನಿನ ಮೇಲೆ ಕೂತ ಮದುಮಗ ಗುಡಿಯ ಮೆಟ್ಟಿಲ ತನಕ ನೆಲ ಮುಟ್ಟುವಂತಿಲ್ಲ. ಗುಡಿ ಇನ್ನೂ ಎರಡು ಓಣಿ ದೂರ. ಅಷ್ಟು ದೂರದಲ್ಲಿ ಕುದುರೆಗೇನಾಗುತ್ತದೆ, ದುಡ್ಡು ಕೊಟ್ಟು ತಂದಿದ್ದೇವೆ ಎಂದು ಒಬ್ಬ, ಈ ಹೆಂಗಸು ಯಾರು ಎಂದು ಇನ್ನೊಬ್ಬ. ಆಗ ಮದುಮಗನ ತಾಯಿ ಶಕುಂತಲಾಬಾಯಿ ಮುಂದೆ ಬಂದರು. ಜಗದೇವಿ ಅವರೊಬ್ಬರಿಗೇ ಹೇಳಿದಳು.

"ಅವ್ವಾರ, ನನ್ನ ಮಾತು ನಂಬಬ್ಯಾಡ್ರಿ. ಹಿಂದಿನ ಕಾಲು ಒಂದ್ಸಲ ನೋಡ್ರಿ."

ಶಕುಂತಲಾಬಾಯಿ ಬಗ್ಗಿ ನೋಡಿದರು. ಕುದುರೆಯ ಹಿಂಗಾಲ ಮೇಲೆ ಹಾಲು ಗೆರೆಗೆರೆಯಾಗಿ ಇಳಿದು ಗೊರಸಿನ ತನಕ ಬಂದಿತ್ತು. ಮರಿ ಹಾಕುವ ಹೊತ್ತು ಬಂದಿದೆ ಎಂದು ತಿಳಿದು ಅವರು ಗಂಡಸರ ಕಡೆ ತಿರುಗಿದರು.

"ಬಸವಣ್ಣಾ," ಎಂದು ಅಣ್ಣ ಬಸವಣಪ್ಪನನ್ನು ಕರೆದರು. "ಬಸುರಿ ಮ್ಯಾಲ ಕೂಡಿಸಿ ನನ್ನ ಮಗನ ಮದಿವಿ ಮಾಡಬ್ಯಾಡ. ನೀ ಸೋದರಮಾವ ಇದ್ದಿ. ಹೊತ್ಕೊ ಅವನ್ನ."

ಬಸವಣಪ್ಪ ಅರವತ್ತು ದಾಟಿದ ರೈತ, ಅಳಿಯ ತೊಂಬತ್ತು ಕಿಲೋದ ಆಸಾಮಿ. ಆದರೂ ಮಾವ ಧೋತರ ಮೇಲೆ ಕಟ್ಟಿ, ಜೀನಿನ ಮೇಲಿಂದಲೇ ಅಳಿಯನನ್ನು ಹೆಗಲಿಗೆ ಹಾಕಿಕೊಂಡರು. ಬಾಸಿಂಗ ಒಂದು ಕಡೆ, ಪೇಟ ಒಂದು ಕಡೆ. ಜನ ನಕ್ಕರು, ಸಿಟ್ಟೆಲ್ಲ ನಗುವಿನಲ್ಲೇ ಇಳಿದುಹೋಯಿತು. ನಮ್ಮ ದನದ ಕೊಟ್ಟಿಗೆ ಖಾಲಿ ಇದೆ, ಅಲ್ಲಿಗೆ ಒಯ್ಯಿ ತಂಗಿ ಎಂದು ಬಸವಣಪ್ಪ ಏದುಸಿರು ಬಿಡುತ್ತಲೇ ಹೇಳಿ ಹೊರಟರು.

ಕೊಟ್ಟಿಗೆಯಲ್ಲಿ ಒಣ ಹುಲ್ಲಿತ್ತು, ಮೇವು ಹಾಕುವ ಗೋದಲಿ ಗುಡಿಸಿಟ್ಟಿದ್ದರು, ತೊಟ್ಟಿ ತುಂಬ ನೀರಿತ್ತು. ದನಕ್ಕಾಗಿ ಇಷ್ಟು ಮಾಡುವವರಿದ್ದಾರೆ ಎಂದು ಜಗದೇವಿಗೆ ಅಳುವೇ ಬಂತು. ಅಕ್ಷತೆ ಬೀಳುವ ಹೊತ್ತಿಗೆ ಚಾಂದನಿ ಮಲಗಿತು. ಜಗದೇವಿ ಅದರ ತಲೆಯ ಹತ್ತಿರ ಕೂತಳು. ಅರ್ಧ ಗಂಟೆಯಲ್ಲಿ ಮರಿ ಹಾಕಿತು. ಕಂದು ಬಣ್ಣದ ಹೆಣ್ಣು ಮರಿ, ಸ್ವಲ್ಪ ಬಡಕಲು, ಆದರೆ ಜೀವಂತ. ಮದುವೆ ಮನೆಯ ಹೆಂಗಸರು ತಾಯಿಗೆ ಬೆಲ್ಲ ಕಲಸಿದ ಗಂಜಿ ತಂದು ಇಟ್ಟರು.

ನಾಲ್ಕು ಗಂಟೆಗೆ ಓಂಪ್ರಕಾಶ ಪಿಕಪ್ ತಂದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೊದಲು ಮರಿಯನ್ನು, ಆಮೇಲೆ ಕುದುರೆಯ ಮುಖಕ್ಕಿದ್ದ ಪಟ್ಟಿಯನ್ನು ನೋಡಿದ. ಸುತ್ತ ಜನರಿದ್ದರು. ತಪ್ಪು ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಪಟ್ಟಿ ಕೆಂಪದರಿ ಅಕ್ಕಾರ," ಎಂದ. "ಇದು ನಮ್ಮ ಮೋತಿನೇ. ಗಬ್ಬ ಇತ್ತಂತ ನನಗ ಯಾರೂ ಹೇಳೇ ಇಲ್ಲ."

ಜಗದೇವಿ ಎರಡು ವರ್ಷದಿಂದ ಕೂಡಿಟ್ಟುಕೊಂಡ ಮಾತುಗಳು ಬಾಯಿಗೆ ಬಂದವು. ಅವಳು ಎದ್ದು ಚಾಂದನಿಯ ಮುಖದಿಂದ ಕೆಂಪು ಪಟ್ಟಿ ಬಿಚ್ಚಿ ತಂದು ಅವನ ಕೈಯಲ್ಲಿಟ್ಟಳು.

"ತಗೋರಿ ಅಣ್ಣಾರ, ನಿಮ್ಮ ಮೋತಿ. ಗಾಡಿ ಹತ್ತಿಸ್ಕೊಂಡು ಹೋಗ್ರಿ."

ಬಸವಣಪ್ಪ ಪಿಕಪ್ಪಿನ ಹಿಂಬಾಗಿಲನ್ನು ತಾವೇ ಹೋಗಿ ತೆರೆದರು. ಓಂಪ್ರಕಾಶ ಪಟ್ಟಿಯೊಂದನ್ನೇ ಹಿಡಿದುಕೊಂಡು ಅಂಗಳ ದಾಟಿದ. ಚಾಂದನಿಯ ಮೂಗಿನ ಮೇಲೆ ಪಟ್ಟಿ ತಿಕ್ಕಿದಲ್ಲಿ ಕೂದಲು ಕಿತ್ತು ಹಸಿ ಗೆರೆ ಬಿದ್ದಿತ್ತು. ಜಗದೇವಿ ಒಳಗಿನಿಂದ ಕೊಬ್ಬರಿ ಎಣ್ಣೆ ಕೇಳಿ ತಂದು ಅಲ್ಲಿಗೆ ಹಚ್ಚತೊಡಗಿದಳು.