ಶಿವಕಾಂತಾ ಬೇಡಿದ್ದು

"ಏ ರಂಡಿ, ಲಿಫ್ಟಿನಾಗ ಕಾಲಿಟ್ಟಿ ಅಂದ್ರ ಕಾಲ ಮುರದ್ ಕೈಯಾಗ ಕೊಡ್ತೀನಿ. ಮೆಂಬರ್ ಮಂದಿ ಓಡಾಡೂ ಲಿಫ್ಟ್ ಇದು, ಕಸದ ಗಾಡಿ ಅಲ್ಲ."

ಬೈದವರು ನಿಜಲಿಂಗಪ್ಪನವರು, ಕೋಥರೂಡದ ಆ ಏಳು ಮಹಡಿ ಹೌಸಿಂಗ್ ಸೊಸೈಟಿಯ ಚೇರಮನ್ನರು. ಬೈಸಿಕೊಂಡವಳು ಶಿವಕಾಂತಾ, ಅಲ್ಲಿ ಕಸ ಹೊರುವವಳು. ಇಬ್ಬರೂ ಕರ್ನಾಟಕದಿಂದ ಈ ಮರಾಠಿ ಊರಿಗೆ ಬಂದವರೇ. ಬೇರೆ ಸೊಸೈಟಿಗಳಲ್ಲಿ ಮರಾಠಿಯಲ್ಲಿ ಬೈದರೆ ಅರ್ಧ ಅವಳಿಗೆ ತಿಳಿಯದೆ ತಲೆಯ ಮೇಲೆ ಹಾದುಹೋಗುತ್ತಿತ್ತು; ಇವರ ಬೈಗುಳ ಮಾತ್ರ ತಾಯ್ನುಡಿಯಲ್ಲಿ ನೆಟ್ಟಗೆ ಎದೆಗೇ ಇಳಿಯುತ್ತಿತ್ತು. ಪರವೂರಲ್ಲಿ ಅದೊಂದು ಭಾಗ್ಯ.

ಯಾದಗಿರಿ ಕಡೆಯಿಂದ ಬಂದ ಹೊಸದರಲ್ಲಿ ಇದೇ ಕಟ್ಟಡಕ್ಕೆ ಅವಳು ಉಸುಕು ಹೊತ್ತಿದ್ದಳು. ಈಗ ಮೊಣಕಾಲು ಸವೆದಿದ್ದವು. ದಿನಾ ಮುಂಜಾನೆ ತುಂಬಿದ ಎರಡು ಡಬ್ಬ ಹಿಡಿದು ಏಳು ಮಹಡಿ ಇಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಕಾಲು ಹೋದರೆ ಕೆಲಸವೂ ಹೋಗುತ್ತದೆ ಎಂಬುದೇ ಅವಳ ಹೆದರಿಕೆ.

ಅದೇ ವಾರ ಕರೆಂಟು ಹೋಗಿ ಲಿಫ್ಟು ನಿಂತಿದ್ದಾಗ, ಏಳನೆಯ ಮಹಡಿಯಲ್ಲಿ ಚೇರಮನ್ನರ ತಾಯಿ ಪಾರವ್ವನಿಗೆ ಎದೆನೋವು ಬಂತು. ಕೆಳಗೆ ಆಂಬುಲೆನ್ಸು ಬಂದು ನಿಂತಿತು. ಮೇಲೆ ಮನೆಮಂದಿಯೆಲ್ಲ ಫೋನು ಹಿಡಿದು ಯಾರ್ಯಾರನ್ನೋ ಬೈಯುತ್ತಿದ್ದರು. ಶಿವಕಾಂತಾ ಡಬ್ಬ ಇಟ್ಟು, ಸೆರಗು ಸಿಕ್ಕಿಸಿ, ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದೇಬಿಟ್ಟಳು. ಆಗ ಮಾತ್ರ ಅವಳ ಮೈಯ ಕಸದ ವಾಸನೆ ಯಾರ ಮೂಗಿಗೂ ಬಡಿಯಲಿಲ್ಲ. ಪಾರವ್ವ ಉಳಿದಳು. ಶಿವಕಾಂತಳ ಎಡ ಮೊಣಕಾಲು ಬಾತು ಕುಂಬಳಕಾಯಿಯಾಯಿತು.

ರವಿವಾರ ಸೊಸೈಟಿಯ ಅಂಗಳದಲ್ಲಿ ಶಿವಕಾಂತಳಿಗೆ ಸತ್ಕಾರ. ಚೇರಮನ್ನರ ಹೆಂಡತಿ ಅವಳಿಗೆ ಉಡಿ ತುಂಬಿದರು, ಕೈಗೆ ಕೈ ತಾಗದ ಹಾಗೆ ಮೇಲಿನಿಂದಲೇ ಸೆರಗಿಗೆ ಅಕ್ಕಿ ಸುರಿದು. ಚೇರಮನ್ನರು ಪುಣ್ಯದ ಬಗ್ಗೆ ಅರ್ಧ ತಾಸು ಮಾತಾಡಿ, ಕೊನೆಗೆ ಫೋಟೋ ತೆಗೆಯುವವರ ಕಡೆ ಮುಖ ಮಾಡಿ, "ಏನ್ ಬೇಕು ಬೇಡು ತಂಗಿ," ಅಂದರು.

ಅವಳ ಊರಲ್ಲಿ ಉಡಿ ತುಂಬಿದವರು ಬೇಡು ಅಂದರೆ ಬೇಡಲೇಬೇಕು. ಸುಮ್ಮನಿದ್ದರೆ ಅವರಿಗೆ ಅವಮಾನ. ದೊಡ್ಡವರ ಮಾನ ಉಳಿಸಬೇಕಲ್ಲ ಎಂದು ಅವಳು ಬೇಡಿದಳು.

"ಲಿಫ್ಟಿನಾಗ ಹೋಗಾಕ ಬಿಡ್ರಿ."

ಮೆಂಬರುಗಳ ಕೈಯ ಪೇಢೆ ಬಾಯಿಯ ಹತ್ತಿರವೇ ನಿಂತಿತು. ಚೇರಮನ್ನರು ನಕ್ಕಂತೆ ಮಾಡಿದರು. "ರೂಲ್ ಅದ ತಂಗಿ. ನೀ ಮಾಡಿದ್ದಕ್ಕ ದೇವ್ರು ಕೊಡ್ತಾನ."

"ದೇವ್ರ ಕೊಡೂದು ದೇವ್ರ ಕೊಡ್ಲಿ. ಲಿಫ್ಟ್ ನಿಮ್ದದರಿ."

ಅಲ್ಲಿಗೆ ಸತ್ಕಾರ ಮುಗಿಯಿತು ಎಂದು ಯಾರೋ ಚಪ್ಪಾಳೆ ತಟ್ಟಿದರು.

ಸೋಮವಾರ ಮುಂಜಾನೆ ಏಳನೆಯ ಮಹಡಿಯಲ್ಲಿ ಶಿವಕಾಂತಾ ಡಬ್ಬಗಳ ಸಮೇತ ಲಿಫ್ಟಿನೊಳಗೆ ಹೋಗಿ ನಿಂತಳು. ತಮ್ಮ ಅಂಗಡಿಗೆ ಹೊರಟ ನಿಜಲಿಂಗಪ್ಪನವರು ಇಸ್ತ್ರಿ ಅಂಗಿಯಲ್ಲಿ ಎದುರಿಗೆ ಬಂದರು. ತಂಗಿ ಎಂದದ್ದು ಮರೆತು, ಹೊರಗೆ ಬಾ ಎಂದು ಗುಡುಗಿದರು.

"ಬರ್ರಿ ಅಣ್ಣಾರ, ಇಬ್ಬರಿಗೂ ಜಾಗ ಅದ," ಅಂದಳು.

ಡಬ್ಬದ ತಳದಿಂದ ಕೊಳೆತ ನೀರು ಸೋರಿ ಅವರ ಬೂಟಿನ ಕಡೆ ಹರಿಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಗುಂಡಿ ಒತ್ತಿದಳು.

ಲಿಫ್ಟು ಇಳಿಯುತ್ತಿದ್ದಂತೆ ಪಕ್ಕದ ಮೆಟ್ಟಿಲ ಮೇಲೆ ಚೇರಮನ್ನರ ಬೂಟಿನ ಸಪ್ಪಳವೂ, ಬೈಗುಳವೂ, ಏದುಸಿರೂ ಮಹಡಿ ಮಹಡಿಗೆ ಕೇಳುತ್ತಿದ್ದವು. ನಾಲ್ಕನೆಯ ಮಹಡಿಯ ಹೊತ್ತಿಗೆ ಬೈಗುಳ ನಿಂತು ಏದುಸಿರೊಂದೇ ಉಳಿಯಿತು. ಶಿವಕಾಂತಾ ಎರಡೂ ಡಬ್ಬಗಳನ್ನು ಬಿಗಿಯಾಗಿ ಹಿಡಿದು, ಬಾಗಿಲು ತೆರೆಯುವುದನ್ನೇ ಕಾದಳು.